ಗಂಟೆ ಬಾರಿಸಿದಾಗ ಅರ್ಧಕ್ಕೆ ನಿಂತ ಮಾತು: ಅಗ್ನಿಶಾಮಕರ ಬದುಕಿನ ಕುರಿತ ಒಂದು ಡಿಜಿಟಲ್ ವರದಿಯ ಪ್ರಕರಣ ಅಧ್ಯಯನ

ಮೊದಲ ಮಾದರಿಯನ್ನು ಠಾಣೆಗೆ ಒಯ್ದ ದಿನ ಲ್ಯಾಪ್‌ಟಾಪ್ ಸುತ್ತ ಆರು ಜನ ನೆರೆದಿದ್ದರು. ಪರದೆಯ ಮೇಲೆ ಉರಿಯುವ ಮನೆ, ಕಿಟಕಿಯಿಂದ ನುಗ್ಗುವ ಜ್ವಾಲೆ, ಎಳೆದತ್ತ ತಿರುಗುವ 360 ಡಿಗ್ರಿ ದೃಶ್ಯ. ಕೊನೆಗೊಂದು ಪ್ರಶ್ನೆ: ‘ಎರಡನೇ ಮಹಡಿಯಲ್ಲಿ ಯಾರೋ ಇದ್ದಾರೆ. ನೀವು ಒಳಗೆ ಹೋಗುತ್ತೀರಾ, ಇನ್ನೊಂದು ವಾಹನ ಬರುವ ತನಕ ಕಾಯುತ್ತೀರಾ?’ ಅದರ ಕೆಳಗೆ ಎರಡು ಬಟನ್. ಮೌಸ್ ಹಿಡಿದಿದ್ದವರು ಆ ಠಾಣೆಯ ಅತ್ಯಂತ ಹಿರಿಯ ಸಿಬ್ಬಂದಿ. ಅವರು ಎರಡನ್ನೂ ಒತ್ತಲಿಲ್ಲ.

‘ಇದನ್ನ ನಾನೊಬ್ಬನೇ ಯಾವತ್ತೂ ತೀರ್ಮಾನ ಮಾಡಿಲ್ಲ ಸರ್’ ಅಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: ‘ತಪ್ಪು ಬಟನ್ ಒತ್ತಿದ್ರೆ ಏನಾಗುತ್ತೆ?’

‘ಮತ್ತೆ ಮೊದಲಿಂದ ಆಡಬಹುದು’ ಅಂದೆ. ಬಾಯಿಂದ ಬಂದ ಆ ‘ಆಡಬಹುದು’ ನನಗೇ ಕೇಳಿಸಿತು. ಅವರು ಮೌಸ್ ಕೆಳಗಿಟ್ಟು, ಗಾಡಿಯ ಪಂಪ್ ನೋಡಬೇಕು ಅಂತ ಎದ್ದು ಹೋದರು. ಉಳಿದ ಐದು ಜನ ಚೆನ್ನಾಗಿದೆ ಅಂದರು. ಅವರ ಮುಖ ಹಾಗೆ ಹೇಳಲಿಲ್ಲ.

ಮೂರು ತಿಂಗಳು ದುಡಿದು ಕಟ್ಟಿದ ಆ ಮಾದರಿಯನ್ನು ನಾವು ಎರಡು ವಾರದೊಳಗೆ ಕೈಬಿಟ್ಟೆವು. ಯಾಕೆ ಕೈಬಿಟ್ಟೆವು, ಆ ಜಾಗದಲ್ಲಿ ಏನನ್ನು ಕಟ್ಟಿದೆವು, ಅದರಲ್ಲಿ ಯಾವುದು ನಿಂತಿತು, ಯಾವುದು ಬಿತ್ತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಪಾಯದ ಕೆಲಸ ಮಾಡುವವರ ಬದುಕನ್ನು ಪರದೆಗೆ ತರಲು ಹೊರಟ ಯಾರಿಗಾದರೂ ನಾವು ಎಡವಿದ ಜಾಗಗಳು ಗೊತ್ತಿರಲಿ ಎಂಬುದು ಆಸೆ. ಠಾಣೆಯ ಹೆಸರಾಗಲಿ, ಅಲ್ಲಿನವರ ಹೆಸರಾಗಲಿ ಇಲ್ಲಿ ಬರುವುದಿಲ್ಲ.

ನಾವು ಹೊರಟದ್ದು

ತಂಡದಲ್ಲಿ ಐದು ಜನ: ಇಬ್ಬರು ವರದಿಗಾರರು, ಒಬ್ಬ ವಿನ್ಯಾಸಕಿ, ಒಬ್ಬ ಪ್ರೋಗ್ರಾಮರ್, ಒಬ್ಬ ಧ್ವನಿ ಸಂಕಲನಕಾರ. ನಾನು ವರದಿಗಾರರಲ್ಲಿ ಒಬ್ಬ. ಅಗ್ನಿಶಾಮಕರ ಬಗ್ಗೆ ಸುದ್ದಿಯಲ್ಲಿ ಬರುವುದು ಎರಡೇ ಸಂದರ್ಭದಲ್ಲಿ, ದೊಡ್ಡ ಬೆಂಕಿ ಬಿದ್ದಾಗ ಮತ್ತು ಅವರಲ್ಲೊಬ್ಬರು ಸತ್ತಾಗ. ನಡುವಿನ ಬದುಕನ್ನು ತೋರಿಸೋಣ ಅಂತ ಹೊರಟವರು ಮೊದಲ ಮಾದರಿಯಲ್ಲಿ ಮತ್ತೆ ದೊಡ್ಡ ಬೆಂಕಿಯನ್ನೇ ತೋರಿಸಿದ್ದೆವು.

ಅದಕ್ಕೆ ಕಾರಣ ನಮ್ಮ ಕಣ್ಣ ಮುಂದಿದ್ದ ಮಾದರಿಗಳು. 2012ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪ್ರಕಟಿಸಿದ ‘ಸ್ನೋ ಫಾಲ್’ ಎಂಬ ಹಿಮಕುಸಿತದ ವರದಿ ಈ ಪ್ರಕಾರಕ್ಕೇ ಒಂದು ಅಚ್ಚು ಹಾಕಿಕೊಟ್ಟಿತು. ಪಠ್ಯದ ನಡುವೆ ವಿಡಿಯೊ, ಸ್ಕ್ರಾಲ್ ಮಾಡಿದಂತೆ ಚಲಿಸುವ ಬೆಟ್ಟ, ಅಲ್ಲಲ್ಲಿ ಧ್ವನಿ. ಮರುವರ್ಷ ಅದಕ್ಕೆ ಪುಲಿಟ್ಜರ್ ಬಂತು. 2013ರಲ್ಲೇ ಗಾರ್ಡಿಯನ್ ಪತ್ರಿಕೆ ಟಾಸ್ಮೇನಿಯಾದ ಕಾಳ್ಗಿಚ್ಚಿನ ಬಗ್ಗೆ ‘ಫೈರ್‌ಸ್ಟಾರ್ಮ್’ ಮಾಡಿತು. ಎರಡೂ ಒಂದು ಮಹಾ ಘಟನೆಯ ಕಥೆಗಳು. ಆರಂಭ, ಏರಿಕೆ, ಆಪತ್ತು, ಬದುಕಿ ಉಳಿದವರು, ಹೀಗೆ ಘಟನೆಗೇ ಒಂದು ಆಕಾರವಿತ್ತು. ನಮ್ಮ ಕೈಯಲ್ಲಿದ್ದದ್ದು ಘಟನೆಯಲ್ಲ, ಒಂದು ಉದ್ಯೋಗ. ಘಟನೆಗೆ ಹೊಲಿದ ಅಂಗಿಯನ್ನು ಉದ್ಯೋಗಕ್ಕೆ ತೊಡಿಸಲು ಹೋದದ್ದೇ ನಮ್ಮ ಮೊದಲ ತಪ್ಪು.

ಆ ಹಿರಿಯರು ಎದ್ದು ಹೋದ ಮೇಲೆ ನಾವು ಎಲ್ಲ ಉಪಕರಣಗಳನ್ನೂ ಕಚೇರಿಯಲ್ಲೇ ಬಿಟ್ಟು, ಒಂದೇ ರೆಕಾರ್ಡರ್ ಹಿಡಿದು, ಸರದಿಯ ಮೇಲೆ ಠಾಣೆಯಲ್ಲಿ ಕೂತೆವು. 24 ಗಂಟೆಯ ಪಾಳಿ. ನಾನು ಕೂತ ಮೊದಲ ಪಾಳಿಯಲ್ಲಿ ಮೂರು ಕರೆ ಬಂದವು, ಒಂದರಲ್ಲೂ ಬೆಂಕಿ ಇರಲಿಲ್ಲ. ವಾಚ್‌ರೂಮಿನ ದಾಖಲೆ ಪುಸ್ತಕವನ್ನು ತಿರುವಿದರೆ ಪುಟಗಟ್ಟಲೆ ಅದೇ: ಲಿಫ್ಟ್‌ನಲ್ಲಿ ಸಿಕ್ಕಿಕೊಂಡವರು, ರಸ್ತೆಗೆ ಚೆಲ್ಲಿದ ಎಣ್ಣೆ, ವಾಹನ ಅಪಘಾತ, ಸುಳ್ಳು ಅಲಾರಂ, ಬಾಗಿಲು ತೆರೆಯದ ಒಂಟಿ ವೃದ್ಧರ ಮನೆ. ಅಮೆರಿಕದ ರಾಷ್ಟ್ರೀಯ ಅಗ್ನಿ ಸುರಕ್ಷತಾ ಸಂಘದ ಲೆಕ್ಕದಲ್ಲಿ ಅಲ್ಲಿನ ಅಗ್ನಿಶಾಮಕ ದಳಗಳಿಗೆ ಬರುವ ಪ್ರತಿ 100 ಕರೆಗಳಲ್ಲಿ ಬೆಂಕಿಯವು ಸುಮಾರು 4 ಮಾತ್ರ, ಅರ್ಧಕ್ಕಿಂತ ಹೆಚ್ಚು ವೈದ್ಯಕೀಯ ಕರೆಗಳು. ದೇಶದಿಂದ ದೇಶಕ್ಕೆ ಅನುಪಾತ ಬದಲಾಗುತ್ತದೆ. ಆದರೆ ನಾವು ಕೂತ ಠಾಣೆಯ ಪುಸ್ತಕದಲ್ಲೂ ಬೆಂಕಿ ಅಪರೂಪದ ಅತಿಥಿ.

ಉಳಿದ ಹೊತ್ತು ಕಾಯುವುದು. ಹೋಸ್ ಒಣಹಾಕುವುದು, ಗಾಡಿ ಒರೆಸುವುದು, ಬಿಎ ಸೆಟ್ (ಹೊಗೆಯಲ್ಲಿ ಉಸಿರಾಡಲು ಹೊರುವ ಗಾಳಿಯ ಸಿಲಿಂಡರ್ ಮತ್ತು ಮುಖವಾಡ) ಪರೀಕ್ಷಿಸುವುದು, ಅಭ್ಯಾಸ ಮಾಡುವುದು, ಮಾತಾಡುವುದು. ಮತ್ತೆ ಕಾಯುವುದು.

ಖಾಲಿ ಕೋಣೆಯ 47 ನಿಮಿಷ

ಆರನೇ ಅಥವಾ ಏಳನೇ ಪಾಳಿ ಇರಬೇಕು. ರಾತ್ರಿ ಊಟದ ಹೊತ್ತು. ಮೇಜಿನ ಮೇಲೆ ರೆಕಾರ್ಡರ್ ಇಟ್ಟಿದ್ದೆ. ಒಬ್ಬ ಯುವ ಸಿಬ್ಬಂದಿ ತನ್ನ ಮಗಳು ಸೈಕಲ್ ಕಲಿಯುತ್ತಿರುವ ಕಥೆ ಹೇಳುತ್ತಿದ್ದ. ‘ಹಿಂದೆ ಹಿಡ್ಕೊಂಡಿದೀನಿ ಅಂದ್ಕೊಂಡಿದ್ಲು, ನಾನು ಆಗ್ಲೇ ಕೈ ಬಿಟ್ಟಿದ್ದೆ, ತಿರುಗಿ ನೋಡಿದವಳು...’ ಅಷ್ಟರಲ್ಲಿ ಗಂಟೆ. ಕುರ್ಚಿ ಜರಗಿದ ಸದ್ದು, ಮೆಟ್ಟಿಲ ಮೇಲೆ ಬೂಟಿನ ಸದ್ದು, ಗಾಡಿಯ ಎಂಜಿನ್, ಶಟರ್. ನಾನು ಅವರ ಜತೆ ಓಡಿದೆ. ರೆಕಾರ್ಡರ್ ಮೇಜಿನ ಮೇಲೇ ಉಳಿಯಿತು.

ವಾಪಸು ಬಂದು ನೋಡಿದರೆ ಅದು 47 ನಿಮಿಷ ಖಾಲಿ ಕೋಣೆಯನ್ನು ದಾಖಲಿಸಿತ್ತು. ಫ್ಯಾನ್ ತಿರುಗುವ ಸದ್ದು. ಗೋಡೆಯ ಸ್ಪೀಕರಿನಲ್ಲಿ ವೈರ್‌ಲೆಸ್‌ನ ತುಂಡು ಮಾತುಗಳು. ಮೇಜಿನ ಮೇಲೆ ಯಾರದೋ ಮೊಬೈಲ್ ಎರಡು ಸಲ ಅದುರಿ ಸುಮ್ಮನಾಗುತ್ತದೆ.

ಧ್ವನಿ ಸಂಕಲನಕಾರ ಅದನ್ನು ಕತ್ತರಿಸಿ ಬಿಸಾಡಲು ಹೊರಟಿದ್ದ. ವಿನ್ಯಾಸಕಿ ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದಳು. ತೆಗೆದಿಟ್ಟವಳು ಹೇಳಿದ್ದು ಒಂದೇ ಮಾತು: ‘ಮನೆಯವರಿಗೆ ಕೇಳಿಸೋದು ಇದು.’

ಇಡೀ ವರದಿಯ ವಿನ್ಯಾಸ ಹುಟ್ಟಿದ್ದು ಆ ಮಾತಿನಿಂದ. ಅಲ್ಲಿಯ ತನಕ ನಾವು ಓದುಗರಿಗೆ ಏನನ್ನು ಕೊಡಬೇಕು ಎಂದು ಯೋಚಿಸಿದ್ದೆವು: ಹೆಚ್ಚು ದೃಶ್ಯ, ಹೆಚ್ಚು ಆಯ್ಕೆ, ಹೆಚ್ಚು ಹಿಡಿತ. ಈ ಕೆಲಸವಾದರೋ ಮಾಡುವವರಿಂದಲೂ ಮನೆಯವರಿಂದಲೂ ಏನನ್ನೋ ಕಿತ್ತುಕೊಳ್ಳುತ್ತದೆ. ಒಂದು ಊಟ, ಒಂದು ವಾಕ್ಯ, ಆಗ ಅಲ್ಲಿ ಏನಾಗುತ್ತಿದೆ ಎಂಬ ತಿಳಿವು. ಓದುಗರಿಂದಲೂ ಅದನ್ನೇ ಕಿತ್ತುಕೊಳ್ಳಬೇಕು ಎಂಬುದು ನಮ್ಮ ಹೊಸ ಲೆಕ್ಕ.

ಹೊಸ ಮಾದರಿ ಹೀಗೆ ಸಾಗುತ್ತದೆ. ಒಂದು ಪಾಳಿ, ಬೆಳಗಿನಿಂದ ಬೆಳಗಿನವರೆಗೆ. ಪುಟದ ಅಂಚಿನಲ್ಲಿ ಒಂದು ಗಡಿಯಾರ. ಸ್ಕ್ರಾಲ್ ಮಾಡಿದಂತೆ ಜನರ ಮಾತು ಓದಿಗೆ ಸಿಗುತ್ತದೆ, ಬೇಕಾದವರು ಕೇಳಲೂಬಹುದು. ಕರೆ ಬಂದಾಗ ಯಾರ ಮಾತು ನಡೆಯುತ್ತಿತ್ತೋ ಅದು ಪದದ ನಡುವೆಯೇ ನಿಲ್ಲುತ್ತದೆ. ಆ ಸೈಕಲ್ ಕಥೆ ‘ತಿರುಗಿ ನೋಡಿದವಳು’ ಎಂಬಲ್ಲಿ ನಿಂತ ಮೇಲೆ ಪುಟ ಎರಡಾಗಿ ಸೀಳುತ್ತದೆ. ಗಾಡಿಯ ಜತೆ ಹೋಗಬಹುದು, ಕೋಣೆಯಲ್ಲೇ ಕೂರಬಹುದು. ಇಡೀ ವರದಿಯಲ್ಲಿ ಓದುಗರಿಗೆ ಇರುವ ಆಯ್ಕೆ ಇದೊಂದೇ. ಇದರಿಂದ ನಡೆಯುವುದು ಏನೂ ಬದಲಾಗುವುದಿಲ್ಲ, ಅವರಿಗೆ ಏನು ಗೊತ್ತಾಗುತ್ತದೆ ಎಂಬುದಷ್ಟೇ ಬದಲಾಗುತ್ತದೆ. ಗಾಡಿಯಲ್ಲಿ ಹೋದವರಿಗೆ ಅದುರಿದ ಮೊಬೈಲ್ ಕೇಳಿಸುವುದಿಲ್ಲ. ಕೋಣೆಯಲ್ಲಿ ಕೂತವರಿಗೆ ವೈರ್‌ಲೆಸ್‌ನ ತುಂಡು ಮಾತಿನ ಹೊರತು ಬೇರೇನೂ ಸಿಗುವುದಿಲ್ಲ. ಗಾಡಿ ಮರಳಿದಾಗ ಎರಡು ದಾರಿಯೂ ಕೂಡುತ್ತವೆ.

ನ್ಯೂಯಾರ್ಕ್ ಟೈಮ್ಸ್‌ನ ಗ್ರಾಫಿಕ್ಸ್ ಸಂಪಾದಕ ಆರ್ಚೀ ತ್ಸೆ 2016ರಲ್ಲಿ ಮಾಡಿದ ಒಂದು ಭಾಷಣ ಈ ವೃತ್ತಿಯಲ್ಲಿರುವ ಹಲವರಿಗೆ ಗೊತ್ತು. ಓದುಗರಿಗೆ ಸ್ಕ್ರಾಲ್ ಮಾಡುವುದಷ್ಟೇ ಬೇಕು, ಅದರ ಹೊರತು ಬೇರೇನನ್ನಾದರೂ ಮಾಡಿಸುವುದಾದರೆ ಅದಕ್ಕೆ ತಕ್ಕ ದೊಡ್ಡ ಫಲ ಸಿಗಬೇಕು ಎಂಬುದು ಅದರ ಸಾರ. ನಾವು ಒಂದೇ ಒಂದು ಕ್ಲಿಕ್ ಉಳಿಸಿಕೊಂಡು ಅದರ ಫಲವಾಗಿ ಕೊಟ್ಟದ್ದು ಒಂದು ಅಭಾವವನ್ನು. ಅದು ನಡೆಯುತ್ತದೆಯೇ ಎಂಬ ಭಯ ಪ್ರಕಟಣೆಯ ದಿನದ ತನಕ ಹೋಗಲಿಲ್ಲ.

ಕಾಲದ ಸಮಸ್ಯೆ ಬೇರೆ ಇತ್ತು. ಕಾಯುವುದನ್ನು ಸ್ಕ್ರಾಲ್‌ನಲ್ಲಿ ತೋರಿಸುವುದು ಹೇಗೆ? ಎಷ್ಟು ಉದ್ದದ ಖಾಲಿ ಪುಟ ಇಟ್ಟರೂ ಹೆಬ್ಬೆರಳು ಒಂದು ಸಲ ಜಾರಿದರೆ ಮುಗಿಯಿತು. ಪುಟವನ್ನೇ ಬಿಗಿದು ನಿಲ್ಲಿಸಿ ನೋಡಿದೆವು. ಪರೀಕ್ಷೆಗೆ ಕರೆದವರು ಫೋನು ಹಾಳಾಯಿತು ಅಂದುಕೊಂಡರು. ಕೊನೆಗೆ ಖಾಲಿ ಕೋಣೆಯ ಭಾಗಕ್ಕೆ ಧ್ವನಿಯೇ ಆಧಾರವಾಯಿತು, 47 ನಿಮಿಷವನ್ನು 4 ನಿಮಿಷಕ್ಕೆ ಇಳಿಸಿದೆವು. ಪತ್ರಿಕೋದ್ಯಮದ ಕಣ್ಣಿನಲ್ಲಿ ಇದು ಸಣ್ಣ ವಿಷಯವಲ್ಲ. ಕಾಲವನ್ನು ಕತ್ತರಿಸಿದ್ದೇವೆ ಎಂದು ಓದುಗರಿಗೆ ಗೊತ್ತಾಗಲೇಬೇಕು. ಎಲ್ಲೆಲ್ಲಿ ಧ್ವನಿ ಕತ್ತರಿಸಿದೆವೋ ಅಲ್ಲೆಲ್ಲ ಅಂಚಿನ ಗಡಿಯಾರ ಕಣ್ಣಿಗೆ ಕಾಣುವಂತೆ ಜಿಗಿಯುತ್ತದೆ. 9:52, ಜಿಗಿತ, 10:03. ವಿವರಣೆಯ ಟಿಪ್ಪಣಿ ಬೇಕಾಗಲಿಲ್ಲ.

ಇನ್ನೊಂದು ಜಗಳ ಇದಕ್ಕಿಂತ ಜೋರಾಗಿ ನಡೆಯಿತು. ಆ ರಾತ್ರಿಯ ಕರೆ ಏನಾಗಿತ್ತು ಗೊತ್ತೇ? ಸುಳ್ಳು ಅಲಾರಂ. ಕಟ್ಟಡವೊಂದರ ಹೊಗೆ ಪತ್ತೆ ಸಾಧನಕ್ಕೆ ದೂಳು ಹೊಕ್ಕಿತ್ತು. ಬೇರೊಂದು ರಾತ್ರಿಯ ನಿಜವಾದ ಬೆಂಕಿಯ ದೃಶ್ಯಗಳು ನಮ್ಮ ಬಳಿ ಇದ್ದವು. ಅದನ್ನು ಇಲ್ಲಿ ಜೋಡಿಸಿದರೆ ಕಥೆಗೆ ತೂಕ ಬರುತ್ತದೆ, ‘ಒಂದು ಸಾಮಾನ್ಯ ಪಾಳಿ’ ಎಂದು ಕರೆದರಾಯಿತು ಎಂದು ನಮ್ಮಲ್ಲೊಬ್ಬರು ವಾದಿಸಿದರು. ಎರಡು ದಿನ ಹೊಲಿದು ಒಂದು ದಿನ ಮಾಡುವುದು ಸುಳ್ಳು, ಅಷ್ಟೇ. ಈ ವಿಷಯದಲ್ಲಿ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ಸುಳ್ಳು ಅಲಾರಂ ಸುಳ್ಳು ಅಲಾರಂ ಆಗಿಯೇ ಉಳಿಯಿತು. ಆ ಮಗುವಿನ ಕಥೆಯನ್ನು ನಿಲ್ಲಿಸಿದ್ದು ದೂಳು ಎಂಬುದು ಗಾಡಿಯಲ್ಲಿ ಹೋದ ಓದುಗರಿಗೆ ಮಾತ್ರ ಗೊತ್ತಾಗುತ್ತದೆ. ಆಮೇಲೆ ಬಂದ ಪತ್ರಗಳಲ್ಲಿ ಅತಿ ಹೆಚ್ಚು ಪ್ರಸ್ತಾಪವಾದದ್ದು ಅದೇ.

ಹೊಗೆಯಲ್ಲಿ ಕಣ್ಣಿಲ್ಲ

360 ಡಿಗ್ರಿ ವಿಡಿಯೊ ಯಾಕೆ ಸುಳ್ಳೆಂದು ನಮಗೆ ಅರ್ಥವಾದದ್ದು ತರಬೇತಿ ಕಟ್ಟಡದಲ್ಲಿ. ಕೃತಕ ಹೊಗೆ ತುಂಬಿದ ಕೋಣೆಗೆ ನಮ್ಮನ್ನು ಒಬ್ಬೊಬ್ಬರಾಗಿ ಕರೆದೊಯ್ದರು. ಕೈ ಚಾಚಿದರೆ ಬೆರಳು ಕಾಣುವುದಿಲ್ಲ. ಎಡಗೈ ಗೋಡೆ ಬಿಡಬಾರದು, ಬಗ್ಗಿ ಸಾಗಬೇಕು, ಹೆಜ್ಜೆ ಊರುವ ಮೊದಲು ಕಾಲಿನಿಂದ ನೆಲ ತಡವಬೇಕು. ಮುಚ್ಚಿದ ಕೋಣೆಯ ಬೆಂಕಿ ಬಹುತೇಕ ಹೀಗೇ ಇರುತ್ತದೆ. ಸುದ್ದಿ ಚಿತ್ರಗಳಲ್ಲಿ ಥಳಥಳಿಸುವ ಕಿತ್ತಳೆ ಜ್ವಾಲೆ ಹೊರಗೆ ನಿಂತವರು ಕಂಡದ್ದು.

ಹಾಗಾಗಿ ಈ ಅಧ್ಯಾಯದಲ್ಲಿ ಪರದೆ ಕಪ್ಪು. ಇರುವುದು ಧ್ವನಿ ಮತ್ತು ಅದರ ಅಕ್ಷರ ರೂಪ. ಮುಖವಾಡದೊಳಗಿನ ಉಸಿರು, ‘ಬಲಗಡೆ ಬಾಗಿಲು’, ‘ಹೋಸ್ ಬಿಡಬೇಡ’ ಎಂಬ ಮಾತು. ಪರದೆಯ ಮೇಲೆ ಉಳಿದದ್ದು ಒಂದೇ ಚಿತ್ರ, ಗಾಳಿಯ ಸಿಲಿಂಡರಿನ ಒತ್ತಡ ಮಾಪಕ.

ಮಾಪಕದ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಓದುಗರು ಅತಿ ಹೆಚ್ಚು ಹೊತ್ತು ನಿಂತ ಜಾಗ ಇದು. ಹೆಚ್ಚು ಬಳಕೆಯಲ್ಲಿರುವ 6.8 ಲೀಟರಿನ ಸಿಲಿಂಡರಿಗೆ 300 ಬಾರ್ ಒತ್ತಡದಲ್ಲಿ ಗಾಳಿ ತುಂಬಿದರೆ ಅದು ಸುಮಾರು 2,000 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರಿನಂತೆ ಉಸಿರಾಡಿದರೆ 50 ನಿಮಿಷ ಬರಬೇಕು. ಆದರೆ ಹೊಗೆಯಲ್ಲಿ ಮೈ ಮೇಲೆ 20 ಕಿಲೋ ಮೀರಿದ ಸಾಮಾನು ಹೊತ್ತು, ನೀರು ತುಂಬಿದ ಹೋಸ್ ಎಳೆಯುವಾಗ ಉಸಿರು ಅದರ ಎರಡು ಪಟ್ಟಿಗೂ ಏರಬಹುದು. ಆಗ 50 ನಿಮಿಷದ ಸಿಲಿಂಡರು 25 ನಿಮಿಷದ್ದು. ಸುಮಾರು 55 ಬಾರ್‌ಗೆ ಇಳಿದಾಗ ಸೀಟಿ ಕೂಗುತ್ತದೆ, ಅಷ್ಟರೊಳಗೆ ಹೊರಗಿರಬೇಕು. ಅಂದರೆ ಒಳಗೆ ಹೋಗುವಾಗಲೇ ವಾಪಸು ದಾರಿಯ ಗಾಳಿಯನ್ನು ಬದಿಗಿಟ್ಟಿರಬೇಕು. ಜತೆಯಾಗಿ ಹೋದವರಲ್ಲಿ ಯಾರ ಗಾಳಿ ಕಡಿಮೆಯೋ ಅವರ ಲೆಕ್ಕದಲ್ಲಿ ಎಲ್ಲರೂ ತಿರುಗುತ್ತಾರೆ. ಒಬ್ಬರನ್ನು ಕಳಿಸಿ ಇನ್ನೊಬ್ಬರು ಉಳಿಯುವುದಿಲ್ಲ.

ಈ ಕೊನೆಯ ನಿಯಮ ನಮ್ಮ ಮೊದಲ ಮಾದರಿಯ ಎರಡು ಬಟನ್‌ಗಳಿಗೆ ಸಿಕ್ಕ ಉತ್ತರ. ಒಳಗೆ ‘ನೀವು’ ಎಂಬ ಒಬ್ಬರೇ ಇರುವುದಿಲ್ಲ.

ಮಾಪಕ ಮಾತ್ರ ಆಟದ ಜೀವ ಸೂಚಕದಂತೆ ಕಂಡುಬಿಡುವ ಅಪಾಯವಿತ್ತು. ಪ್ರೋಗ್ರಾಮರ್ ಮೊದಲು ಅದನ್ನು ಸ್ಕ್ರಾಲ್‌ಗೆ ಕಟ್ಟಿದ್ದ. ವೇಗವಾಗಿ ಎಳೆದರೆ ಗಾಳಿ ವೇಗವಾಗಿ ಇಳಿಯುತ್ತಿತ್ತು, ಹಿಂದಕ್ಕೆ ಎಳೆದರೆ ತುಂಬಿಕೊಳ್ಳುತ್ತಿತ್ತು. ಪರೀಕ್ಷೆಗೆ ಬಂದ ಹುಡುಗನೊಬ್ಬ ನಗುತ್ತಾ ಅದನ್ನು ಮೇಲೆ ಕೆಳಗೆ ಆಡಿಸಿದ್ದನ್ನು ನೋಡಿ ಅವತ್ತೇ ಆ ಗಂಟು ಬಿಚ್ಚಿದೆವು. ಈಗ ಮಾಪಕ ಧ್ವನಿಯ ಕಾಲಕ್ಕೆ ಕಟ್ಟಿಕೊಂಡಿದೆ, ಓದುಗರ ಕೈಗೆ ಸಿಗುವುದಿಲ್ಲ. ಅಂದಿನ ಅಭ್ಯಾಸದಲ್ಲಿ ಇಬ್ಬರ ಸಿಲಿಂಡರುಗಳು ನಿಜವಾಗಿ ತೋರಿಸಿದ ಅಂಕಿಗಳನ್ನು ಅಕ್ಕಪಕ್ಕ ಇಟ್ಟಿದ್ದೇವೆ. ಅಧ್ಯಾಯದ ತಲೆಯ ಮೇಲೆ ದೊಡ್ಡಕ್ಷರದಲ್ಲಿ ‘ಇದು ತರಬೇತಿ ಅಭ್ಯಾಸ’ ಎಂದಿದೆ, ದಿನಾಂಕವೂ ಇದೆ. ನಿಜವಾದ ಬೆಂಕಿಯ ಹೆಲ್ಮೆಟ್ ಕ್ಯಾಮೆರಾ ದೃಶ್ಯ ಕೊಡಲು ಒಬ್ಬರು ಮುಂದೆ ಬಂದಿದ್ದರು. ನೋಡಿದೆವು, ಕೃತಜ್ಞತೆ ಹೇಳಿ ಬೇಡವೆಂದೆವು. ಅದರಲ್ಲಿ ಇನ್ನೊಬ್ಬರ ಮನೆ ಇತ್ತು, ಗೋಡೆಯ ಮೇಲೆ ಅವರ ಫೋಟೊಗಳಿದ್ದವು. ಆ ಮನೆಯವರನ್ನು ಕೇಳದೆ ಅದು ನಮ್ಮದಾಗುವುದಿಲ್ಲ. ಅಂಥ ಹೊತ್ತಿನಲ್ಲಿ ಅವರನ್ನು ಕೇಳಲು ಹೋಗುವುದೂ ಸರಿ ಅನ್ನಿಸಲಿಲ್ಲ.

ಬೆಂಕಿಯ ವೇಗದ ಬಗ್ಗೆ ಒಂದೇ ಒಂದು ಗ್ರಾಫಿಕ್ ಉಳಿಸಿಕೊಂಡೆವು. ಸುರಕ್ಷತಾ ಪರೀಕ್ಷೆಗಳನ್ನು ನಡೆಸುವ ಅಮೆರಿಕದ ಯುಎಲ್ ಸಂಸ್ಥೆ ಹಳೆಯ ಕಾಲದ ಪೀಠೋಪಕರಣಗಳ ಕೋಣೆ ಮತ್ತು ಇಂದಿನ ಫೋಮ್, ಪ್ಲಾಸ್ಟಿಕ್ ಪೀಠೋಪಕರಣಗಳ ಕೋಣೆ ಎರಡಕ್ಕೂ ಬೆಂಕಿಯಿಟ್ಟು ಹೋಲಿಸಿದ ಪ್ರಯೋಗ ಪ್ರಸಿದ್ಧ. ಹಳೆಯ ಕೋಣೆ ಪೂರ್ತಿ ಹೊತ್ತಿಕೊಳ್ಳಲು ಅರ್ಧ ಗಂಟೆಯ ಹತ್ತಿರ ಹಿಡಿಯಿತು, ಹೊಸದಕ್ಕೆ 4 ನಿಮಿಷವೂ ಬೇಕಾಗಲಿಲ್ಲ. ಗಂಟೆ ಬಾರಿಸಿದ ಕೂಡಲೇ ವಾಕ್ಯ ಯಾಕೆ ಅರ್ಧಕ್ಕೆ ನಿಲ್ಲಬೇಕು ಎಂಬುದಕ್ಕೆ ಬೇರೆ ವಿವರಣೆ ಬೇಡ.

ಒಗೆಯುವ ಕೋಣೆ

ಪಾಳಿ ಮುಗಿದ ಮೇಲಿನ ಕಥೆಯನ್ನು ನಾವು ಬಹುತೇಕ ಮರೆತಿದ್ದೆವು. ನೆನಪಿಸಿದ್ದು ಒಬ್ಬರ ಹೆಂಡತಿ. ‘ಮೂರು ಸಲ ಸ್ನಾನ ಮಾಡಿದ್ರೂ ದಿಂಬಲ್ಲಿ ಹೊಗೆ ವಾಸನೆ ಇರುತ್ತೆ’ ಅಂದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 2022ರಲ್ಲಿ ಅಗ್ನಿಶಾಮಕ ವೃತ್ತಿಯ ಒಡ್ಡಿಕೊಳ್ಳುವಿಕೆಯನ್ನೇ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಮೀಸೋಥೀಲಿಯೋಮಾ (ಹೆಚ್ಚಾಗಿ ಶ್ವಾಸಕೋಶದ ಹೊರಪೊರೆಗೆ ಬರುವ ಕ್ಯಾನ್ಸರ್) ಮತ್ತು ಮೂತ್ರಕೋಶದ ಕ್ಯಾನ್ಸರಿಗೆ ಸಾಕಷ್ಟು ಪುರಾವೆ ಸಿಕ್ಕಿದೆ ಎಂದಿತು. ಮಸಿ ಹಿಡಿದ ಕೋಟನ್ನು ಹೆಮ್ಮೆಯ ಗುರುತಿನಂತೆ ಕಂಡ ಒಂದು ತಲೆಮಾರು ಈಗ ಅದನ್ನು ಚೀಲಕ್ಕೆ ಹಾಕಿ ಬಿಗಿದು ಬೇರೆಯಾಗಿ ಒಗೆಯಲು ಕಲಿಯುತ್ತಿದೆ. ಆ ಅಧ್ಯಾಯಕ್ಕೆ ಯಾವ ತಂತ್ರವನ್ನೂ ಹಾಕಲಿಲ್ಲ. ಕೋಟಿನ ಮೂರು ಪದರಗಳ ಫೋಟೊ, ಕೆಳಗೆ ಒಬ್ಬೊಬ್ಬರ ಮಾತು. ಬೆರಳಿಟ್ಟರೆ ಪದರ ಬಿಚ್ಚುವ ಚಿತ್ರ ತಯಾರಾಗಿತ್ತು, ಅದನ್ನು ತೆಗೆದುಹಾಕಿದೆವು. ಮಾತೇ ಸಾಕಿತ್ತು.

ಗಂಟೆಯ ಸದ್ದಿನ ವಿಷಯ ಇಷ್ಟು ಸುಲಭವಾಗಿರಲಿಲ್ಲ. ಅದನ್ನು ನಾವು ಕಥೆಯ ಮುಖ್ಯ ಸಾಧನ ಮಾಡಿಕೊಂಡಿದ್ದೆವು. ಮನೆಯವರಿಗೆಂದು ಇಟ್ಟ ಪ್ರದರ್ಶನದಲ್ಲಿ ಅದೇ ಹೆಂಡತಿ ಗಂಟೆ ಬಾರಿಸಿದ ತಕ್ಷಣ ಫೋನನ್ನು ಮಗುಚಿಟ್ಟರು. ಪಕ್ಕದಲ್ಲಿದ್ದ ಗಂಡ ಕುರ್ಚಿಯಿಂದ ಅರ್ಧ ಎದ್ದಿದ್ದರು, ಅದು ಅವರಿಗೇ ತಿಳಿದಿರಲಿಲ್ಲ. 2007ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನದ ಪ್ರಕಾರ ಅಮೆರಿಕದಲ್ಲಿ ಕರ್ತವ್ಯದ ವೇಳೆ ಸತ್ತ ಅಗ್ನಿಶಾಮಕರಲ್ಲಿ ಸುಮಾರು ಶೇ 45 ಮಂದಿಯ ಸಾವಿಗೆ ಹೃದ್ರೋಗ ಕಾರಣ. ಬೆಂಕಿ ನಂದಿಸುವಾಗಿನ ಅಪಾಯವೇ ದೊಡ್ಡದು, ಕರೆಗೆ ಓಡುವ ಹೊತ್ತಿನಲ್ಲೂ ಅದು ಮಾಮೂಲಿಗಿಂತ ಏರುತ್ತದೆ ಎಂದು ಅದು ಹೇಳುತ್ತದೆ. ಅಂಥ ಸದ್ದನ್ನು ಅವರದೇ ಬದುಕಿನ ಕಥೆಯಲ್ಲಿ ಅವರ ಮೇಲೇ ಎರಚಲು ನಮಗೆ ಮನಸ್ಸಾಗಲಿಲ್ಲ. ಈಗ ಗಂಟೆಯ ಜಾಗದಲ್ಲಿ ಗಂಟೆಯಿಲ್ಲ. ಮಾತು ನಿಲ್ಲುತ್ತದೆ, ಕುರ್ಚಿ ಜರಗುತ್ತದೆ. ಸಂಕಲನಕಾರ ಮೊದಲು ಒಪ್ಪಲಿಲ್ಲ, ಕೇಳಿದ ಮೇಲೆ ಒಪ್ಪಿದ. ಕುರ್ಚಿಗಳ ಸದ್ದು ಹೆಚ್ಚು ಹೇಳುತ್ತದೆ.

ಒಪ್ಪಿಗೆ ಒಂದು ಸಲದ್ದಲ್ಲ

ಶುರುವಿನಲ್ಲಿ ಎಲ್ಲರಿಂದಲೂ ಸಹಿ ಪಡೆದಿದ್ದೆವು. ಅದು ಸಾಲದು ಎಂದು ಗೊತ್ತಾದದ್ದು ಐದನೇ ತಿಂಗಳಿನಲ್ಲಿ. ಒಬ್ಬರು ತಾವು ಉಳಿಸಲಾಗದೇ ಹೋದ ಒಬ್ಬ ವ್ಯಕ್ತಿಯ ಬಗ್ಗೆ ಸುಮಾರು ಒಂದು ಗಂಟೆ ಮಾತಾಡಿದ್ದರು. ನಾವು ದಾಖಲಿಸಿದ್ದರಲ್ಲೆಲ್ಲ ಅತ್ಯಂತ ಆಳವಾದ ಮಾತುಕತೆ ಅದು. ಅದರ ಸುತ್ತ ಒಂದು ಅಧ್ಯಾಯವನ್ನೇ ಕಟ್ಟಿದ್ದೆವು. ಎರಡು ವಾರದ ಬಳಿಕ ಅವರ ಫೋನ್: ‘ಆ ದಿನದಿಂದ ನಿದ್ದೆ ಬರ್ತಿಲ್ಲ. ಅದನ್ನ ತೆಗೆದುಬಿಡ್ತೀರಾ?’

ತೆಗೆದೆವು. ಸಹಿಯಿತ್ತು, ಕಾನೂನಿನ ಪ್ರಕಾರ ಇಟ್ಟುಕೊಳ್ಳಬಹುದಿತ್ತು. ಹಾಗೆ ಹೇಳಿದವರೂ ತಂಡದ ಹೊರಗೆ ಇದ್ದರು. ನನಗೆ ಇಂದಿಗೂ ಕಾಡುವುದು ತೆಗೆದದ್ದಲ್ಲ, ಅವತ್ತು ಮಾತುಕತೆ ಮುಗಿಸಿ ಅವರನ್ನು ಒಂಟಿಯಾಗಿ ಮನೆಗೆ ಕಳಿಸಿದ್ದು. ರಾತ್ರಿ ಪಾಳಿ ಮುಗಿಸಿದ ಬೆಳಿಗ್ಗೆ, ನಿದ್ದೆಗೆಟ್ಟ ಮನುಷ್ಯನನ್ನು ಕೂರಿಸಿ ಅಂಥದ್ದನ್ನು ಕೇಳಲೇಬಾರದಿತ್ತು. ಆಮೇಲೆ ನಿಯಮ ಮಾಡಿಕೊಂಡೆವು. ಕಷ್ಟದ ಪ್ರಶ್ನೆಗಳು ರಜೆಯ ದಿನಕ್ಕೆ. ಅವರು ಬೇಕೆಂದರೆ ಜತೆಗೊಬ್ಬ ಸಹೋದ್ಯೋಗಿ. ಮಾತು ಮುಗಿದ ಮೇಲೆ ಅರ್ಧ ಗಂಟೆ ಯಾವ ರೆಕಾರ್ಡರೂ ಇಲ್ಲದೆ ಕೂತು ಬೇರೆ ಮಾತಾಡುವುದು. ಮರುದಿನ ಫೋನ್ ಮಾಡುವುದು. ವರದಿಯನ್ನು ಪ್ರಕಟಣೆಗೆ ಮುಂಚೆ ಮೂಲದವರಿಗೆ ತೋರಿಸಬಾರದು ಎಂಬುದು ಪತ್ರಿಕೋದ್ಯಮದ ಹಳೆಯ ಶಿಸ್ತು, ಅದಕ್ಕೆ ಒಳ್ಳೆಯ ಕಾರಣಗಳಿವೆ. ಆದರೆ ಸಾವಿನ ಬಗ್ಗೆ ಮಾತಾಡಿದವರಿಗೆ ಅವರದೇ ಮಾತಿನ ಭಾಗವನ್ನು ಮೊದಲೇ ಕೇಳಿಸಿದೆವು. ಬದಲಿಸುವ ಅಧಿಕಾರ ಕೊಡಲಿಲ್ಲ, ಹಿಂತೆಗೆಯುವ ಅವಕಾಶ ಕೊಟ್ಟೆವು.

ಇದು ತಾಂತ್ರಿಕ ವಿನ್ಯಾಸವನ್ನೂ ಬದಲಿಸಿತು. ಮೊದಲು ಎಲ್ಲರ ಧ್ವನಿಯೂ ಒಂದೇ ಉದ್ದನೆಯ ಫೈಲಿನಲ್ಲಿ ಬೆಸೆದುಕೊಂಡಿತ್ತು. ಈಗ ಒಬ್ಬೊಬ್ಬರ ಮಾತೂ ಬೇರೆ ಬೇರೆ. ಯಾರದನ್ನು ಹೊರತೆಗೆದರೂ ಪುಟ ಕುಸಿಯದೆ ಮುಂದುವರಿಯುತ್ತದೆ. ಹೊರಗೆ ಬರಲು ದಾರಿ ಕಟ್ಟಡದಲ್ಲೇ ಇರಬೇಕು ಎಂಬುದನ್ನು ಅಗ್ನಿಶಾಮಕರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಪರದೆಯ ಹಿಂದೆ

ಉಳಿದ ತಾಂತ್ರಿಕ ವಿಷಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಈ ವರದಿಯ ಮೊದಲ ಓದುಗರು ಠಾಣೆಯವರೇ, ಅವರು ಓದುವುದು ಮೊಬೈಲಿನಲ್ಲಿ, ಯಾವ ಕ್ಷಣದಲ್ಲಾದರೂ ಬಿಟ್ಟು ಏಳಬೇಕಾದ ಸ್ಥಿತಿಯಲ್ಲಿ. ಬಿಟ್ಟ ಜಾಗವನ್ನು ಪುಟ ನೆನಪಿಡುತ್ತದೆ. ಭಾರದ ವಿಡಿಯೊಗಳೆಲ್ಲ ಹೋದವು, ಧ್ವನಿ ಮತ್ತು ಸ್ಥಿರಚಿತ್ರ ಉಳಿದವು. ಧ್ವನಿ ತಾನಾಗಿ ಶುರುವಾಗುವುದಿಲ್ಲ. 2018ರಿಂದ ಕ್ರೋಮ್ ಬ್ರೌಸರ್ ಅದನ್ನು ಹೇಗೂ ತಡೆಯುತ್ತದೆ, ತಡೆಯದಿದ್ದರೂ ನಾವು ಹಾಗೆ ಮಾಡುತ್ತಿರಲಿಲ್ಲ. ಪ್ರತಿ ಧ್ವನಿಗೂ ಅಕ್ಷರ ರೂಪವಿದೆ, ಖಾಲಿ ಕೋಣೆಗೂ ಸೇರಿ: ‘ಫ್ಯಾನ್. ದೂರದ ವೈರ್‌ಲೆಸ್. ಮೊಬೈಲ್ ಅದುರುತ್ತದೆ. ನಿಲ್ಲುತ್ತದೆ.’ ಕಿವಿ ಕೇಳದ ಓದುಗರೊಬ್ಬರು ಆ ನಾಲ್ಕು ಸಾಲುಗಳ ಬಗ್ಗೆ ನಮಗೆ ಬರೆದರು.

ರಾತ್ರಿ ಗಾಡಿಯ ತಲೆಯ ಮೇಲೆ ತಿರುಗುವ ದೀಪದ ಒಂದು ದೃಶ್ಯವನ್ನು ಬಿಡಲು ವಿನ್ಯಾಸಕಿಗೆ ಮನಸ್ಸಿರಲಿಲ್ಲ. ವೆಬ್ ಪುಟಗಳ ಸುಗಮ ಬಳಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಪರದೆಯ ಮೇಲೆ ಯಾವುದೂ ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚು ಮಿನುಗಬಾರದು, ಅಪಸ್ಮಾರ ಇರುವವರಿಗೆ ಅದು ಆಪತ್ತು. ನಮ್ಮ ದೃಶ್ಯ ಆ ಮಿತಿಯನ್ನು ದಾಟುತ್ತಿತ್ತು. ಅದರ ಜಾಗದಲ್ಲಿ ಒದ್ದೆ ರಸ್ತೆಯ ಮೇಲೆ ನಿಧಾನವಾಗಿ ಬಣ್ಣ ಬದಲಾಗುವ ಒಂದೇ ಒಂದು ಫೋಟೊ ಇದೆ. ಫೋನಿನಲ್ಲಿ ಚಲನೆ ಕಡಿಮೆ ಮಾಡಿಕೊಂಡವರಿಗೆ ಅದೂ ನಿಂತಿರುತ್ತದೆ.

ಬಾಳಿಕೆಯ ಚಿಂತೆಯೂ ಇತ್ತು. ವೆಬ್ ಪುಟಗಳಲ್ಲಿ ಚಲಿಸುವ ಚಿತ್ರಗಳನ್ನು ನಡೆಸುತ್ತಿದ್ದ ಫ್ಲ್ಯಾಶ್ ಎಂಬ ತಂತ್ರಾಂಶ 2020ರ ಕೊನೆಗೆ ನಿಂತಾಗ ಅದರ ಮೇಲೆ ಕಟ್ಟಿದ್ದ ಎಷ್ಟೋ ಡಿಜಿಟಲ್ ವರದಿಗಳು ಒಂದೇ ಏಟಿಗೆ ಕಪ್ಪು ಚೌಕಗಳಾದವು. ಅದಕ್ಕೇ ನಮ್ಮ ಪಠ್ಯವೆಲ್ಲ ಸಾದಾ ಪುಟವಾಗಿಯೂ ಉಳಿಯುತ್ತದೆ, ಯಾವ ಪ್ರೋಗ್ರಾಂ ನಡೆಯದಿದ್ದರೂ ಓದಬಹುದು.

ಪ್ರಕಟವಾದ ಮೇಲೆ

ಹಿರಿಯರು ಪೂರ್ತಿ ನೋಡಿದರು. ಮೊದಲು ಕೋಣೆಯಲ್ಲಿ ಕೂರುವ ದಾರಿ ಹಿಡಿದರು. ಇಷ್ಟು ವರ್ಷದಲ್ಲಿ ತಾವು ಹೋದ ಮೇಲೆ ಆ ಕೋಣೆ ಹೇಗಿರುತ್ತದೆಂದು ಒಮ್ಮೆಯೂ ಕೇಳಿರಲಿಲ್ಲ ಅಂದರು.

ಸೈಕಲ್ ಕಥೆಯ ಕೊನೆ ಏನಾಯಿತು ಎಂದು ಬಹಳ ಓದುಗರು ಕೇಳಿದರು. ಯುವ ಸಿಬ್ಬಂದಿಯನ್ನು ಮತ್ತೆ ಕೂರಿಸಿ ಹೇಳಿಸಬಹುದಿತ್ತು. ಕೇಳಿದೆವು ಕೂಡ. ಅವನು ಹೇಳಿದ, ಚೆನ್ನಾಗಿಯೇ ಹೇಳಿದ, ಆದರೆ ಅದು ನಮಗಾಗಿ ಹೇಳಿದ ಕಥೆಯಾಗಿತ್ತು. ಪುಟಕ್ಕೆ ಸೇರಿಸಲಿಲ್ಲ. ಇದು ಸರಿಯೋ ತಪ್ಪೋ ಎಂಬ ಬಗ್ಗೆ ತಂಡದಲ್ಲಿ ಇಂದಿಗೂ ಎರಡು ಅಭಿಪ್ರಾಯವಿದೆ.

ಎಲ್ಲಕ್ಕಿಂತ ದೊಡ್ಡ ಲೋಪವನ್ನು ಎತ್ತಿ ತೋರಿಸಿದ್ದು ನಿಯಂತ್ರಣ ಕೊಠಡಿಯಲ್ಲಿ ಫೋನ್ ತೆಗೆದುಕೊಳ್ಳುವ ಮಹಿಳೆ. ನಮ್ಮ ಪುಟದಲ್ಲಿ ಕರೆ ಗಾಳಿಯಿಂದ ಬಂದಂತೆ ಬರುತ್ತಿತ್ತು. ಅದರ ಆ ತುದಿಯಲ್ಲಿ ಒಬ್ಬರು ಅಳುತ್ತಿರುತ್ತಾರೆ, ಈ ತುದಿಯಲ್ಲಿ ಒಬ್ಬರು ವಿಳಾಸ ಕೇಳುತ್ತಿರುತ್ತಾರೆ ಎಂಬುದು ನಮ್ಮ ಎಣಿಕೆಗೇ ಬಂದಿರಲಿಲ್ಲ. ‘ಗಾಡಿ ತಲುಪಿತು ಅಂತ ಗೊತ್ತಾದ ತಕ್ಷಣ ನಾನು ಫೋನ್ ಇಡ್ಬೇಕು, ಮುಂದಿನ ಕಾಲ್ ಕಾಯ್ತಿರುತ್ತೆ. ಅವರು ಉಳಿದ್ರಾ ಇಲ್ವಾ ಅನ್ನೋದು ಎಷ್ಟೋ ಸಲ ನನಗೆ ಗೊತ್ತೇ ಆಗಲ್ಲ’ ಅಂದರು.

ಈಗ ಅವರ ಅಧ್ಯಾಯ ಕಟ್ಟುತ್ತಿದ್ದೇವೆ. ಕರೆ ಮಾಡಿದವರ ಧ್ವನಿ ಇರುವುದಿಲ್ಲ, ಅದು ನಮ್ಮದಲ್ಲ. ಅವರ ಒಂದು ಬದಿಯ ಮಾತು ಮಾತ್ರ, ರಜೆಯ ದಿನ ನೆನಪಿನಿಂದ ಹೇಳಿದ್ದು. ಕೊನೆಯ ಧ್ವನಿ ಹೀಗಿದೆ: ‘ಗಾಡಿ ನಿಮ್ಮ ಬೀದಿಗೆ ಬಂತಮ್ಮ, ನಿಮಗೆ ಕೇಳಿಸ್ತಾ ಇದೆಯಾ? ಕೇಳಿಸ್ತಾ? ಸರಿ, ನಾನೀಗ ಇಡ್ತೀನಿ.’ ಅದಾದ ಮೇಲೆ ಪುಟದಲ್ಲಿ ಏನಿಡಬೇಕು ಎಂದು ವಿನ್ಯಾಸಕಿ ಕೇಳಿದಳು. ಮುಂದಿನ ಕರೆ ಬಂದ ಹೊತ್ತು ಎಂದರು ಅವರು.